ಡಾಗಿಲ್ಲದ ಕ್ಯಾಮೆರಾ

ಫೆಬ್ರವರಿ 3, 2004, ಮಂಗಳವಾರ. ಕೂಡ್ಲಿಗಿ

ಕ್ಯಾಮೆರಾ ಕೊಳ್ಳುವುದೆಂದು ಇವತ್ತು ತೀರ್ಮಾನಿಸಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಗುರುಬಸಮ್ಮ ಮೊದಲು ಅಡುಗೆಮನೆಯ ಸೋರುವ ನಲ್ಲಿಯ ಮಾತು ತೆಗೆಯುತ್ತಾಳೆ, ಅಲ್ಲಿಂದ ಮಗಳು ಅರ್ಚನಾಳ ಮದುವೆಗೆ ಹೋಗುತ್ತಾಳೆ, ಕೊನೆಗೆ ನನ್ನ ಆರೋಗ್ಯಕ್ಕೆ ಬಂದು ನಿಲ್ಲುತ್ತಾಳೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಮಾತು ಹೋಗುವ ದಾರಿ ಗೊತ್ತಿರುತ್ತದೆ.

ಜೂನ್ ಎಂಟಕ್ಕೆ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆ. ಕಾಣುವುದು ಸೂರ್ಯನ ಮೇಲೆ ಒಂದು ಕರಿ ಚುಕ್ಕೆ, ಅಷ್ಟೇ. ಆದರೆ ನೂರ ಇಪ್ಪತ್ತೆರಡು ವರ್ಷಗಳ ನಂತರ ಬರುತ್ತಿರುವ ಚುಕ್ಕೆ. ಈಗ ಬದುಕಿರುವ ಯಾರೂ ಅದನ್ನು ಕಂಡಿಲ್ಲ. ಅದರ ಫೋಟೊ ನನ್ನ ದುರ್ಬೀನಿನಿಂದಲೇ ತೆಗೆಯಬೇಕು.

ಎಂಬತ್ತಾರರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಾಲ್ಕಂಗುಲದ ಕನ್ನಡಿಯನ್ನು ಮೂರು ತಿಂಗಳು ಈ ಕೈಯಲ್ಲೇ ಉಜ್ಜಿ ದುರ್ಬೀನು ಮಾಡಿದೆ. ಧೂಮಕೇತುವನ್ನು ನೋಡಿದೆ. ಊರಿಗೆಲ್ಲ ಹೇಳಿದೆ. ನನ್ನ ವಾಚ್ ಅಂಗಡಿಯ ಪಕ್ಕದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಕೊಟ್ರಸ್ವಾಮಿ ಅಂದಿನಿಂದ ಇಂದಿನವರೆಗೆ ಒಂದೇ ಮಾತು ಹೇಳುತ್ತಾನೆ: "ನೀ ನೋಡಿದ್ದು ಇಟ್ಟಂಗಿ ಭಟ್ಟಿ ಹೊಗಿಲೇ, ಪಂಚಾಕ್ಷರಿ." ಹದಿನೆಂಟು ವರ್ಷ ಆ ಹೊಗೆ ಕುಡಿದಿದ್ದೇನೆ. ಈ ಸಲ ಸಾಕ್ಷಿ ಬೇಕು. ಮನುಷ್ಯರ ಸಾಕ್ಷಿ ಅಲ್ಲ, ಕ್ಯಾಮೆರಾದ್ದು.

ದುರ್ಬೀನನ್ನು ಅಟ್ಟದಿಂದ ಇಳಿಸಿ ಒರೆಸಿದೆ. ಕಣ್ಣಿಟ್ಟು ನೋಡುವ ಮಸೂರ ತನ್ನ ಕೊಳವೆಯಲ್ಲಿ ಲೊಡಲೊಡ ಆಡುತ್ತಿತ್ತು. ಕಳೆದ ತಿಂಗಳು ಶಾಲೆಯ ಬಯಲಿನಲ್ಲಿ ಪುಕ್ಕಟೆ ರಕ್ತ ತಪಾಸಣೆಯ ಶಿಬಿರ ಇತ್ತು. ಗುರುಬಸಮ್ಮ ಬಲವಂತಕ್ಕೆ ಕರೆದೊಯ್ದಿದ್ದಳು. ಅವರು ಕೊಟ್ಟ ಚೀಟಿ ಜೇಬಿನಲ್ಲೇ ಇತ್ತು. ದಪ್ಪ ಕಾಗದ. ಮಸೂರಕ್ಕೆ ಸುತ್ತಿ ಒತ್ತಿದೆ, ಗಟ್ಟಿಯಾಗಿ ಕೂತಿತು. ಸರಕಾರದ ಕಾಗದ ಒಂದಾದರೂ ಉಪಯೋಗಕ್ಕೆ ಬಂತು.

ಫೆಬ್ರವರಿ 15, ಭಾನುವಾರ

ಕೊಟ್ಟೂರಿನಲ್ಲಿ ಸ್ಟುಡಿಯೊ ಇಟ್ಟಿರುವ ದಾದಾಪೀರ್ ತನ್ನ ರೀಲಿನ ಕ್ಯಾಮೆರಾ ಹಿಡಿದುಕೊಂಡು ಬಂದಿದ್ದ. ಈಗ ಮದುವೆಯವರೆಲ್ಲ ಡಿಜಿಟಲ್ ಕೇಳುತ್ತಾರಂತೆ. ಇದನ್ನು ಮಾರಿ, ಮೇ ತಿಂಗಳ ಲಗ್ನಗಳೊಳಗೆ ಹೊಸದು ತರಬೇಕೆಂದು ಅವನ ಲೆಕ್ಕ.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ದುರ್ಬೀನಿಗೆ ಬೇಕಾದ್ದು ಇಂಥದೇ. ಲೆನ್ಸ್ ಬಿಚ್ಚಲು ಬರುತ್ತದೆ, ಆ ಜಾಗದಲ್ಲಿ ದುರ್ಬೀನನ್ನೇ ಲೆನ್ಸಾಗಿ ಕೂರಿಸಬಹುದು. ಶಟರನ್ನು ನಮಗೆ ಬೇಕಾದಷ್ಟು ಹೊತ್ತು ತೆರೆದಿಡಬಹುದು. ಸೆಲ್ ಸತ್ತರೂ ಕೆಲಸ ಮಾಡುತ್ತದೆ. ಬೆಲೆ ನನ್ನ ಕೈಗೆ ಎಟುಕುವಂಥದ್ದು.

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆಕಾಶದ ಕಡೆ ಹಿಡಿದು ಬಲಗಣ್ಣಿನಿಂದ ನೋಡಿದೆ. ಮೂವತ್ತೊಂದು ವರ್ಷ ಭೂತಗನ್ನಡಿ ಹಚ್ಚಿದ ಕಣ್ಣು ಇದು, ತಪ್ಪುವುದಿಲ್ಲ. ನಡುವಿನಿಂದ ಸ್ವಲ್ಪ ಮೇಲೆ ಒಂದು ಕರಿ ಚುಕ್ಕೆ. ಅದನ್ನೇ ಗುರಿಯಿಟ್ಟು ನೋಡಲು ಹೋದರೆ ಪಕ್ಕಕ್ಕೆ ಸರಿಯುತ್ತದೆ. ಒಳಗೆ ಏನೋ ಸಡಿಲಾಗಿರಬೇಕು, ಇಲ್ಲವೇ ಯಾವುದೋ ಸಣ್ಣ ಹುಳ ಸಂಸಾರ ಹೂಡಿರಬೇಕು.

ಹಳೇ ಮಾಲಿನ ದೋಷವನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳುವುದು ನಮ್ಮ ಅಂಗಡಿಯ ಪದ್ಧತಿ. ನಮ್ಮಪ್ಪನ ಕಾಲದಿಂದ ಹಾಗೆ. ಕಿವಿಯಲ್ಲಿ ಹೇಳಿದರೆ ಅದು ದಲ್ಲಾಳಿಯ ಕೆಲಸ.

"ದಾದಾಪೀರಾ, ಒಳಗ ಡಾಗು ಐತಿ," ಎಂದೆ, ಬಸ್‌ಸ್ಟ್ಯಾಂಡಿಗೆ ಕೇಳುವಂತೆ.

ಅವನು ಇಸಿದುಕೊಂಡು ನೋಡಿದ. "ನನಗ ಕಾಣವಲ್ದಲ್ರಿ, ಯಜಮಾನ್ರ."

"ನಿನಗ ಹೆಂಗ ಕಾಣ್ತೈತಿ? ನೀ ಮದಿಮಕ್ಕಳ ಮಕ ನೋಡಾವ."

"ಇಪ್ಪತ್ತು ವರ್ಷ ಇದರಾಗ ನೋಡೀನ್ರಿ. ಇದ್ರೂ ಅದು ಫೋಟೊಕ್ಕ ಬರಂಗಿಲ್ಲ, ಬರೇ ನೋಡೋ ಕಿಂಡ್ಯಾಗ ಇರ್ತೈತಿ."

ಕಿಂಡಿಯಲ್ಲಿ ಹುಳ ಹೊಕ್ಕಿದೆ ಎಂದರೆ ಯಾರೋ ಒಮ್ಮೆ ಬಿಚ್ಚಿದ್ದಾರೆ ಎಂದರ್ಥ. ಬಿಚ್ಚಿದ ಮಾಲು ಬೇಡವೆಂದೆ. ಅವನು ಕ್ಯಾಮೆರಾವನ್ನು ಮಗುವಿಗೆ ಕುಲಾವಿ ಹಾಕಿದ ಹಾಗೆ ಚೀಲಕ್ಕೆ ಹಾಕಿಕೊಂಡು ಹೋದ. ಚಹ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ.

ಫೆಬ್ರವರಿ 24, ಮಂಗಳವಾರ

ಈಚಿನ ವಾಚ್‌ಗಳ ಸ್ಕ್ರೂಗಳನ್ನು ಮೊದಲಿಗಿಂತ ಸಣ್ಣ ಮಾಡುತ್ತಿದ್ದಾರೆ. ಇವತ್ತು ಎರಡು ಸ್ಕ್ರೂ ಕೈಜಾರಿ ಹೋದವು. ಪೇಪರಿನವರೂ ಅಕ್ಷರದ ಮಸಿಯಲ್ಲಿ ಉಳಿತಾಯ ಹಿಡಿದಿದ್ದಾರೆ. ಎಲ್ಲ ಕಡೆ ಇದೇ ಹಣೆಬರಹ.

ಬೇಸಿಗೆ ಬೇಗ ಬಂದಿದೆ. ಒಂದು ಕೊಡ ನೀರು ಅಂಗಡಿಯಲ್ಲಿ ಮಧ್ಯಾಹ್ನದೊಳಗೆ ಮುಗಿಯುತ್ತದೆ. ರಾತ್ರಿ ನಾಲ್ಕೈದು ಸಲ ಏಳುತ್ತೇನೆ. ಆಕಾಶ ನೋಡುವವನಿಗೆ ಅದು ಒಳ್ಳೆಯದೇ.

ಮಾರ್ಚ್ 11, ಗುರುವಾರ

ಕೊಟ್ರಸ್ವಾಮಿಗೆ ಗೊಬ್ಬರದ ಕಂಪನಿಯವರು ಬಹುಮಾನವಾಗಿ ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದಾರೆ. ಸಾಬೂನಿನಷ್ಟು ದೊಡ್ಡದು. ಅದರಿಂದ ಅವನು ಇಲ್ಲಿಯವರೆಗೆ ತೆಗೆದಿರುವುದು ಯೂರಿಯಾ ಚೀಲಗಳ ಹದಿನಾಲ್ಕು ಫೋಟೊ ಮತ್ತು ತನ್ನ ಹೆಬ್ಬೆರಳಿನ ಒಂದು.

"ಲೇ ಪಂಚಾಕ್ಷರಿ, ಇದನ್ನ ನಿನ್ನ ದುರ್ಬೀನಿಗೆ ಹಚ್ಚು. ಪುಕ್ಕಟಿ ಕೊಡ್ತೀನಿ. ಇಟ್ಟಂಗಿ ಭಟ್ಟಿ ಚಲೋ ಬರ್ತೈತಿ," ಎಂದ.

ನಾನು ಸಿಟ್ಟು ಮಾಡದೆ ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆ. ಲೆನ್ಸ್ ಬಿಚ್ಚಲು ಬರುವುದಿಲ್ಲ. ಮಸೂರದ ಮುಂದೆ ಕೈಯಲ್ಲಿ ಹಿಡಿದೇ ತೆಗೆಯಬೇಕು, ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಗುಂಡಿ ಒತ್ತಿದರೆ ಮೂತಿ ಮುಂದೆ ಬಂದು ಮಸೂರಕ್ಕೆ ಡಿಕ್ಕಿ ಹೊಡೆಯುತ್ತದೆ. ಎಷ್ಟು ಬೆಳಕು ಬಿಡಬೇಕೆಂದು ನಾವು ಹೇಳುವ ಹಾಗಿಲ್ಲ, ಅದೇ ತೀರ್ಮಾನಿಸುತ್ತದೆ. ಪರೀಕ್ಷೆಗೆಂದು ಮುಳುಗುವ ಸೂರ್ಯನ ಕಡೆ ಹಿಡಿದರೆ ಸೂರ್ಯನಿಗೇ ಫ್ಲಾಶ್ ಹೊಡೆಯಿತು. ಕತ್ತಲಾಗಿದೆ ಎಂದುಕೊಂಡಿತೋ ಏನೋ. ಇಷ್ಟು ತಿಳಿವಳಿಕೆಯ ಯಂತ್ರ ಕೊಟ್ರಸ್ವಾಮಿಗೇ ಸರಿ.

ಇದೆಲ್ಲ ಸಹಿಸಬಹುದಿತ್ತು. ಆದರೆ ಹಿಂದಿನ ಪುಟ್ಟ ಪರದೆಯಲ್ಲೂ ಡಾಗು. ಅದೇ ಜಾಗ, ಅದೇ ಸರಿದಾಟ.

"ಹೊಸಾದಲೇ ಇದು, ಡಬ್ಬಿ ಒಡದು ವಾರ ಆಗಿಲ್ಲ," ಎಂದ ಕೊಟ್ರಸ್ವಾಮಿ, ಮುಖ ಸಣ್ಣದು ಮಾಡಿಕೊಂಡು. ಹೊಸದಾದರೂ ಡಾಗು ಡಾಗೇ ಎಂದು ಗಟ್ಟಿಯಾಗಿ ಹೇಳಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಮಾತಿಲ್ಲದೆ ಅಂಗಡಿಗೆ ಹೋದ. ಸಂತೋಷವಾಯಿತು.

ಮಾರ್ಚ್ 28, ಭಾನುವಾರ

ಅರ್ಚನಾ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ. ಅಲ್ಲಿಂದ ವೆಬ್‌ಕ್ಯಾಮೆರಾ ಒಂದನ್ನು ಕೇಳಿ ತಂದಿದ್ದಳು. ದುಂಡಗೆ, ಕವಳಿಹಣ್ಣು ದೊಡ್ಡದಾದಂತೆ ಇದೆ. ಎಲ್ಲದಕ್ಕಿಂತ ಅಗ್ಗ. ಅದರ ಪುಟ್ಟ ಲೆನ್ಸನ್ನು ತಿರುಗಿಸಿ ತೆಗೆದು, ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯೊಂದರ ತಳ ಕತ್ತರಿಸಿ ಅಂಟಿಸಿ, ದುರ್ಬೀನಿಗೆ ಕೂರಿಸಿದೆವು. ಕಂಪ್ಯೂಟರಿನ ಆ ದೊಡ್ಡ ಪೆಟ್ಟಿಗೆಯನ್ನು ಮಾಳಿಗೆಗೆ ಹೊತ್ತಿದ್ದು ನಾನು, ಗುರುಬಸಮ್ಮ ಮತ್ತು ಅವಳ ಬೈಗುಳ.

ಸಂಜೆ ಅರ್ಧಚಂದ್ರ ನೆತ್ತಿಯ ಮೇಲಿದ್ದ. ಪರದೆಯ ಮೇಲೆ ಚಂದ್ರನ ಹಳ್ಳಗಳು ಬಂದು ನಿಂತಾಗ ಮೂವರೂ ಪರದೆಗೆ ಮುಖ ಹತ್ತಿಸಿದೆವು. ಆದರೆ ಇದಕ್ಕೂ ಒಂದು ಕೊರತೆ: ಒಳಗಿನ ತುಣುಕು ಉಗುರಿಗಿಂತ ಸಣ್ಣದು, ಚಂದ್ರನ ಒಂದು ತುಂಡಷ್ಟೇ ಹಿಡಿಯುತ್ತದೆ. ಸೂರ್ಯನೂ ಅಷ್ಟೇ ಅಗಲ. ಶುಕ್ರ ಯಾವ ತುಂಡಿನಲ್ಲಿದ್ದಾನೆಂದು ಹುಡುಕುವುದರೊಳಗೆ ದಿನ ಮುಗಿದೀತು.

ಮತ್ತೆ, ಡಾಗು. ಚಂದ್ರನ ಮೇಲೆ. "ಇಲ್ಲಿ ನೋಡು," ಎಂದು ಬೆರಳಿಟ್ಟೆ. ಬೆರಳಿಟ್ಟಲ್ಲಿ ಇರಲಿಲ್ಲ, ಪಕ್ಕಕ್ಕೆ ಹೋಗಿತ್ತು. ಅರ್ಚನಾ ಪರದೆಯನ್ನು ನೋಡುವುದು ಬಿಟ್ಟು ನನ್ನನ್ನು ನೋಡಿದಳು.

"ಅಪ್ಪಾಜಿ, ಬಲಗಣ್ಣು ಮುಚ್ಚಿ ಬರೇ ಎಡಗಣ್ಣಿಲೆ ನೋಡ್ರಿ."

ಎಡಗಣ್ಣಿನಲ್ಲಿ ಡಾಗು ಇಲ್ಲ. ಆದರೆ ಎಡಗಣ್ಣಿಗೆ ತರಬೇತಿ ಇಲ್ಲ, ಅದಕ್ಕೆ ಏನು ಕಾಣಬೇಕು? ಅವಳಿಗೆ ಹಾಗೇ ಹೇಳಿದೆ. ಅವಳು ವೈರುಗಳನ್ನು ಸುತ್ತತೊಡಗಿದಳು. ಕೆಳಗಿಳಿದ ಮೇಲೆ ತಾಯಿ ಮಗಳು ಅಡುಗೆಮನೆಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದರು. ವರನ ವಿಷಯ ಇರಬೇಕು.

ಏಪ್ರಿಲ್ 9, ಶುಕ್ರವಾರ

ಈ ಹದಿನೈದು ದಿನದಲ್ಲಿ ನನ್ನ ಅಂಗಡಿಗೆ ವಾಚ್‌ಗಿಂತ ಕ್ಯಾಮೆರಾಗಳೇ ಹೆಚ್ಚು ಬಂದಿವೆ. ಪಂಚಾಕ್ಷರಪ್ಪನ ಕಣ್ಣಿಗೆ ಡಾಗು ತಪ್ಪುವುದಿಲ್ಲ ಎಂದು ಹೂವಿನಹಡಗಲಿಯವರೆಗೆ ಸುದ್ದಿ ಹೋಗಿದೆ. ಚಿಗಟೇರಿಯಿಂದ ಒಬ್ಬ, ಹಗರಿಬೊಮ್ಮನಹಳ್ಳಿಯಿಂದ ಇಬ್ಬರು ಬಂದಿದ್ದರು. ಒಟ್ಟು ಒಂಬತ್ತು ಕ್ಯಾಮೆರಾ. ಒಂಬತ್ತರಲ್ಲೂ ಡಾಗು. ಎಲ್ಲರಿಗೂ ಗಟ್ಟಿಯಾಗಿಯೇ ಹೇಳಿ ಕಳಿಸಿದೆ. ತಪಾಸಣೆಗೆ ದುಡ್ಡು ಇಸಿದುಕೊಂಡಿಲ್ಲ, ಇದು ಸೇವೆ.

ಕಾರಣವೂ ಹೊಳೆದಿದೆ. ನಮ್ಮ ಅಂಗಡಿ ಮುಂದಿನ ಹೈವೇಯಲ್ಲಿ ದಿನಕ್ಕೆ ನೂರಾರು ಅದಿರು ಲಾರಿ ಓಡುತ್ತವೆ. ಎಲೆ ಕೆಂಪು, ಗೋಡೆ ಕೆಂಪು, ಸೀನಿದರೆ ಕೆಂಪು. ಆ ಧೂಳು ಮುಚ್ಚಿದ ಕ್ಯಾಮೆರಾದ ಒಳಗೂ ಹೊಗುತ್ತಿದೆ. ಡಾಗು ಕೆಂಪಗಿರದೆ ಕಪ್ಪಗೇಕಿದೆ ಎಂದು ಅರ್ಚನಾ ಕೇಳಿದಳು. ಬೆಳಕಿಗೆ ಅಡ್ಡ ಬಂದದ್ದೆಲ್ಲ ಕಪ್ಪೇ ಎಂದು ವಿವರಿಸಿದೆ. "ಅದಿರು ಧೂಳು ಮತ್ತು ಮಸೂರಗಳು" ಎಂದು ಪತ್ರಿಕೆಗೆ ಮೂರು ಪುಟದ ಪತ್ರ ಬರೆದೆ. ಅಂಚೆಗೆ ಹಾಕುತ್ತೇನೆಂದು ಅವಳೇ ಒಯ್ದಳು.

ಏಪ್ರಿಲ್ 30, ಶುಕ್ರವಾರ

ಪತ್ರ ಅಚ್ಚಾಗಿಲ್ಲ. ಗಣಿಯವರ ಕೈ ಉದ್ದ ಇರಬೇಕು.

ಚಹದಲ್ಲಿ ಸಕ್ಕರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅನ್ನ ಹೋಗಿ ದಿನವೂ ಜೋಳದ ರೊಟ್ಟಿ, ನವಣೆ. ಗುರುಬಸಮ್ಮನಿಗೆ ಕ್ಯಾಮೆರಾದ ವಿಷಯ ತಿಳಿದು ಅದಕ್ಕೇ ಉಳಿತಾಯ ಮಾಡುತ್ತಿದ್ದಾಳೆ ಅನಿಸುತ್ತದೆ. ಬಾಯಿ ಜೋರಾದರೂ ಮನಸ್ಸು ಒಳ್ಳೆಯದು.

ಇವತ್ತು ಊಟಕ್ಕೆ ಕೂತಾಗ ಕಟ್ಟಿ ಹಾಕಿದ ಹಾಗೆ ಮಾತು ಎತ್ತಿದಳು. "ದಾವಣಗೇರಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬರ್ರಿ. ಶಿಬಿರದಾಗ ರಕ್ತ ಕೊಟ್ರೆಲ್ಲ, ಆ ಚೀಟಿ ಎಲ್ಲಿ ಇಟ್ಟೀರಿ?"

"ಐತಿ ಎಲ್ಲೋ."

"ನಮ್ಮ ದೊಡ್ಡಪ್ಪಗೂ ಹಿಂಗಾ ಆಗಿತ್ತು. ನೀರಡಿಕಿ, ರಾತ್ರಿ ಏಳೋದು. ಸಕ್ರಿ ಕಾಯಿಲಿ ಅಂದ್ರು. ಕಡೀಕ ಕಣ್ಣಿಗೇ ಬಂತು."

ಅವಳ ದೊಡ್ಡಪ್ಪ ಬೆಲ್ಲದ ವ್ಯಾಪಾರಿ, ಅವನಿಗೆ ಬಾರದೆ ಯಾರಿಗೆ ಬರಬೇಕು. ಕಣ್ಣಿಗೆ ಹನಿ ಹಾಕಿದರೆ ವಾರಗಟ್ಟಲೆ ಮಂಜಾಗುತ್ತದೆ ಎಂದು ಕೇಳಿದ್ದೇನೆ. ಶುಕ್ರ ನೂರ ಇಪ್ಪತ್ತೆರಡು ವರ್ಷ ಕಾಯಿಸಿ ಬರುತ್ತಿದ್ದಾನೆ. ದಾವಣಗೆರೆಯ ಡಾಕ್ಟರು ಜೂನ್ ಒಂಬತ್ತರವರೆಗೆ ಕಾಯಲಿ ಎಂದೆ. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಿದರೆ ಕಣ್ಣಿಗೆ ಏನಾಗುತ್ತದೆ ಎಂದು ಇಬ್ಬರಿಗೂ ಅರ್ಧ ಗಂಟೆ ತಿಳಿಸಿ ಹೇಳಿದೆ. ಕಣ್ಣಿನ ಬಗ್ಗೆ ಈ ಮನೆಯಲ್ಲಿ ನನಗಿರುವಷ್ಟು ಎಚ್ಚರ ಯಾರಿಗೂ ಇಲ್ಲ.

ಮೇ 17, ಸೋಮವಾರ

ಇಟ್ಟಿಗಿಯ ಹುಲುಗಪ್ಪ ಮೇಷ್ಟ್ರು ತಮ್ಮ ತಂದೆಯ ಕೀಲಿ ಕೊಡುವ ವಾಚ್ ತಂದಿದ್ದರು. ನಾಲ್ಕು ಸಲ ನಾನೇ ರಿಪೇರಿ ಮಾಡಿದ ವಾಚ್. ಹೇರ್‌ಸ್ಪ್ರಿಂಗ್ ಎಂಬ ತೆಳು ಸುರುಳಿ ತೆಗೆಯುವಾಗ ಚಿಮಟ ಒಂದು ಕೂದಲೆಳೆ ಆಚೆ ಬಿತ್ತು. ಸ್ಪ್ರಿಂಗ್ ತಿರುಚಿ ಹೋಯಿತು. ಆ ನಮೂನೆಯದು ಈಗ ಎಲ್ಲೂ ಸಿಗುವುದಿಲ್ಲ.

ಲಾರಿ ಹೋಗಿ ಮೇಜು ನಡುಗಿತು ಎಂದು ಹೇಳಿದೆ.

ಮೇಷ್ಟ್ರು ವಾಚನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಆಗ ಯಾವ ಲಾರಿಯೂ ಹೋಗಿರಲಿಲ್ಲ.

ಜೂನ್ 2, ಬುಧವಾರ

ಇನ್ನು ಆರು ದಿನ. ಕ್ಯಾಮೆರಾ ಇಲ್ಲ. ನಾಲ್ಕು ತಿಂಗಳಿಂದ ಆರಿಸುತ್ತಿದ್ದೇನೆ. ಇಷ್ಟರಲ್ಲಿ ಅರ್ಚನಾಗೆ ಎಂಟು ವರ ನೋಡಬಹುದಿತ್ತು ಎಂದು ಗುರುಬಸಮ್ಮ ಹೇಳುತ್ತಾಳೆ. ವರನಿಗೆ ಡಾಗಿದ್ದರೆ ನಡೆಯುತ್ತದೆ ಎಂದು ಅವಳ ಅಭಿಪ್ರಾಯವಿರಬೇಕು.

ಮಧ್ಯಾಹ್ನ ದಾದಾಪೀರ್ ತಾನಾಗಿ ಬಂದ. ಹೆಗಲಿಗೆ ಅದೇ ಚೀಲ. ಸೊರಗಿದ್ದ.

"ಮಾರಾಟ ಆಗಲಿಲ್ಲೇನು?" ಎಂದೆ.

"ಯಾರು ತಗೋತಾರ್ರಿ? ಹರಪನಹಳ್ಳ್ಯಾಗ ಒಬ್ಬ ಒಪ್ಪಿದ್ದ. ಕೂಡ್ಲಿಗಿ ವಾಚಿನೋರು ಡಾಗು ಐತಿ ಅಂದಾರಂತಲ್ಲ ಅಂದು ಕೈ ತೊಳ್ಕೊಂಡ. ಡಿಜಿಟಲ್ ತರ್ಲಿಲ್ಲ, ಮೇ ತಿಂಗಳ ಲಗ್ನ ಎಲ್ಲಾ ಬ್ಯಾರೇರ ಪಾಲಾದ್ವು."

ಇದಕ್ಕೆ ನಾನೇನು ಮಾಡಲಿ? ಇದ್ದದ್ದನ್ನು ಹೇಳಿದೆ. ಆದರೂ ಅವನು ಮುಂದೆ ಹೇಳಿದ ಮಾತಿಗೆ ನನಗೆ ಕಸಿವಿಸಿಯಾಯಿತು.

"ಮಾರೋದು ಬಿಡ್ರಿ. ಎಂಟನೇ ತಾರೀಖು ನಾನಾ ಬಂದು ತಗದು ಕೊಡ್ತೀನಿ. ಸೂರ್ಯಾನ ಫೋಟೊ ನಾನೂ ಎಂದೂ ತಗದಿಲ್ಲ. ಡಾಗು ಬಂದ್ರ ಕ್ಯಾಮೆರಾ ನಿಮ್ಮ ಮುಂದ ಒಡದು ಹಾಕ್ತೀನಿ."

ಒಪ್ಪಿದೆ. ಗೊತ್ತಿರುವ ಡಾಗನ್ನು ಲೆಕ್ಕಕ್ಕೆ ಹಿಡಿದರೆ ಆಯಿತು. ಲೇತ್ ಅಂಗಡಿಯ ದಾವಲ್ ಸಾಬ್ ತನ್ನ ಮಿಷನ್ನಿನಲ್ಲಿ ಹಿತ್ತಾಳೆಯ ಬಳೆ ಕಡೆದುಕೊಟ್ಟ, ಕ್ಯಾಮೆರಾಕ್ಕೂ ದುರ್ಬೀನಿಗೂ ಸಂಬಂಧ ಕೂಡಿಸಲು. ಮೊದಲು ಚಿತ್ರ ಎಷ್ಟು ತಿರುಗಿಸಿದರೂ ಸ್ಪಷ್ಟವಾಗಲಿಲ್ಲ; ಕನ್ನಡಿಯನ್ನೇ ಒಂದಂಗುಲ ಮುಂದಕ್ಕೆ ಸರಿಸಿದ ಮೇಲೆ ಸರಿಯಾಯಿತು. ಸರಿಯಾಯಿತೆಂದು ಹೇಳಿದವನು ದಾದಾಪೀರ್. ಬಳೆಯೂ ಸ್ವಲ್ಪ ಲೂಸು. ಮಸೂರಕ್ಕೆ ಸುತ್ತಿದ ಚೀಟಿಯನ್ನೇ ಬಿಚ್ಚಿ ಇದಕ್ಕೆ ಸುತ್ತಿದೆ.

ಜೂನ್ 8, ಮಂಗಳವಾರ

ಇವತ್ತಿನದನ್ನು ಗಂಟೆಯ ಪ್ರಕಾರ ಬರೆಯುತ್ತೇನೆ. ಮುಂದೆ ಯಾರಿಗಾದರೂ ಬೇಕಾಗಬಹುದು.

ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಮಾಳಿಗೆಯ ಮೇಲೆ ದುರ್ಬೀನು ನಿಲ್ಲಿಸಿದೆವು. ಬಾಯಿಗೆ ಸೂರ್ಯನಿಗೆಂದೇ ಮಾಡಿದ ಬೆಳ್ಳಿ ಹಾಳೆ, ವಿಜ್ಞಾನ ಸಂಘದವರು ಅಂಚೆಯಲ್ಲಿ ಕಳಿಸಿದ್ದು. ಅದನ್ನು ಮುಟ್ಟಿದವರ ಕೈ ಮುರಿಯುತ್ತೇನೆ ಎಂದು ಮೊದಲೇ ಸಾರಿದೆ. ಮೂವತ್ತು ನಲವತ್ತು ಜನ ಸೇರಿದ್ದರು. ಕೊಟ್ರಸ್ವಾಮಿ ಅಂಗಡಿ ಮುಚ್ಚಿ ಬಂದಿದ್ದ, ಯೂರಿಯಾ ಕೇಳಲು ಬಂದವರನ್ನೂ ಹತ್ತಿಸಿಕೊಂಡು.

ಹತ್ತೂ ಮುಕ್ಕಾಲಿಗೆ ಶುಕ್ರ ಸೂರ್ಯನ ಅಂಚು ಮುಟ್ಟಬೇಕಿತ್ತು. ಮುಟ್ಟಿದನೋ ಏನೋ, ಮೋಡ ಕವಿದಿತ್ತು. ಹನ್ನೆರಡೂ ಇಪ್ಪತ್ತಕ್ಕೆ ಮೋಡ ಒಡೆಯಿತು. ಕ್ಯಾಮೆರಾ ಹಚ್ಚುವ ಮೊದಲು ಬರೀ ಮಸೂರ ಇಟ್ಟು ನಾನು ನೋಡಿದೆ.

ಸೂರ್ಯನ ಮೇಲೆ ಚುಕ್ಕೆ ಇತ್ತು. ದುಂಡಗೆ, ಕಡುಕಪ್ಪು, ಅಲುಗದೆ. ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ನೋಡಿದೆ. ಅದರ ಬಲಕ್ಕೆ, ಸ್ವಲ್ಪ ಮೇಲೆ, ಇನ್ನೊಂದು.

ಎರಡು. ಎರಡನೆಯದು ಮೊದಲನೆಯದಕ್ಕಿಂತ ಸ್ವಲ್ಪ ಹರಕು, ಮೆಲ್ಲಗೆ ಚಲಿಸುತ್ತಿತ್ತು. ಚಲಿಸುತ್ತಿದೆ ಎಂದಮೇಲೆ ಸೂರ್ಯನ ಕಲೆಯಲ್ಲ. ಕ್ಯಾಮೆರಾ ಇನ್ನೂ ಹಚ್ಚಿಲ್ಲ, ಆದ್ದರಿಂದ ಕ್ಯಾಮೆರಾದ ಡಾಗೂ ಅಲ್ಲ. ಉಳಿದದ್ದು ಒಂದೇ. ಶುಕ್ರನಿಗೆ ಉಪಗ್ರಹ ಇಲ್ಲವೆಂದು ಪುಸ್ತಕಗಳು ಹೇಳುತ್ತವೆ. ಪುಸ್ತಕ ಬರೆದವರು ಕೂಡ್ಲಿಗಿಗೆ ಬಂದಿರಲಿಲ್ಲ.

"ಎರಡು ಅದಾವ," ಎಂದೆ, ಗಟ್ಟಿಯಾಗಿ, ಪದ್ಧತಿಯಂತೆ.

ಕೊಟ್ರಸ್ವಾಮಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಐತಲೇ, ಖರೇನ ಐತಿ," ಎಂದ. ಹದಿನೆಂಟು ವರ್ಷ ಕಾದಿದ್ದ ಮಾತು. "ಆದ್ರ ಒಂದಾ ಐತಿ."

ಗುರುಬಸಮ್ಮ ನೋಡಿದಳು. "ಒಂದು ಐತ್ರಿ. ಕೂಸಿನ ಗಲ್ಲಕ್ಕ ಹಚ್ಚಿದ ದೃಷ್ಟಿಬಟ್ಟಿನಂಗ ಐತಿ." ಸಾಲಿನಲ್ಲಿ ಬಂದವರೆಲ್ಲ ಒಂದೇ ಎಂದರು. ತರಬೇತಿಯಿಲ್ಲದ ನಲವತ್ತು ಕಣ್ಣಿಗೆ ಕಾಣದ್ದು ಒಂದು ಕಣ್ಣಿಗೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ ಎಂದು ಹೇಳಿದೆ. ಅರ್ಚನಾ ಸಾಲಿನ ಕೊನೆಯಲ್ಲಿ ನಿಂತಿದ್ದಳು. ನೋಡಿ ಬಂದು, ಎಷ್ಟು ಎಂದು ಹೇಳದೆ ನನ್ನ ಕೈ ಹಿಡಿದುಕೊಂಡಳು. ಮಗಳೆದುರು ಇಂಥದೊಂದು ಶೋಧ ಮಾಡುವ ಭಾಗ್ಯ ಎಷ್ಟು ಜನ ತಂದೆಯರಿಗಿದೆ?

ದಾದಾಪೀರ್ ಪೂರ್ತಿ ರೀಲು, ಮೂವತ್ತಾರು ಫೋಟೊ ತೆಗೆದ. ಲಾರಿ ಹೋದಾಗೆಲ್ಲ ಮಾಳಿಗೆ ನಿಲ್ಲುವವರೆಗೆ ಉಸಿರು ಹಿಡಿದು ಕಾಯುತ್ತಿದ್ದ. ಒಳ್ಳೆಯ ಕೆಲಸಗಾರ. ಕ್ಯಾಮೆರಾ ಹೇಳಲಿ, ಯಾರ ಕಣ್ಣು ಸರಿ ಎಂದು.

ಜೂನ್ 11, ಶುಕ್ರವಾರ

ದಾದಾಪೀರ್ ಹೊಸಪೇಟೆಯಲ್ಲಿ ತೊಳೆಸಿ, ನಮಾಜು ಮುಗಿಸಿಕೊಂಡು ಮಧ್ಯಾಹ್ನ ಪ್ರಿಂಟುಗಳನ್ನು ತಂದ. ಇಪ್ಪತ್ತೆರಡು ಚೆನ್ನಾ‌ಗಿ ಬಂದಿವೆ.

ಒಂದನ್ನು ಬೆಳಕಿಗೆ ಹಿಡಿದು ಬಲಗಣ್ಣಿಗೆ ಭೂತಗನ್ನಡಿ ಹಚ್ಚಿದೆ. ಎರಡು ಚುಕ್ಕೆ ಕಂಡವು. "ನೋಡಪಾ," ಎಂದೆ. ಅವನು ಬಗ್ಗಿ ನೋಡಿ ಇನ್ನೊಂದು ಪ್ರಿಂಟನ್ನು ಮುಂದಿಟ್ಟ. ಎರಡನೆಯ ಚುಕ್ಕೆಯನ್ನು ತೋರಿಸಲು ಚಿಮಟದ ತುದಿ ಇಟ್ಟೆ. ಚುಕ್ಕೆ ಸರಿಯಿತು. ಮತ್ತೆ ಇಟ್ಟೆ. ಸೂರ್ಯನನ್ನು ದಾಟಿ ಫೋಟೊದ ಬಿಳಿ ಅಂಚಿಗೆ ಬಂತು. ಅಚ್ಚಾದ ಚುಕ್ಕೆ ಅಂಚಿಗೆ ಬರುವುದಿಲ್ಲ. ಮೇಜಿನ ಮೇಲೆ ಹಾಸಿದ ಬಿಳಿ ಕಾಗದ ನೋಡಿದೆ. ಅಲ್ಲೂ ಇತ್ತು. ತಲೆ ಎತ್ತಿದೆ. ದಾದಾಪೀರನ ಬಿಳಿ ಅಂಗಿಯ ಮೇಲೆ, ಎದೆಯ ಹತ್ತಿರ, ಇತ್ತು.

ಎಡಗಣ್ಣಿನಿಂದ ನೋಡಿದೆ. ಫೋಟೊದಲ್ಲಿ ಒಂದು. ಅಂಗಿಯ ಮೇಲೆ ಏನೂ ಇಲ್ಲ.

ಹನ್ನೊಂದು ಕ್ಯಾಮೆರಾ, ಒಂದು ವೆಬ್‌ಕ್ಯಾಮೆರಾ. ನಾನು ಅವಕ್ಕೆಲ್ಲ ಹೇಳಿದ ಮಾತು ನೆನಪಾಯಿತು.

ದಾದಾಪೀರನಿಗೆ ತಿಳಿದಿತ್ತು. ಯಾವಾಗಿನಿಂದ ಎಂದು ಕೇಳಲಿಲ್ಲ. ಅವನು ಉಳಿದ ಫೋಟೊಗಳನ್ನು ಜೋಡಿಸಿ, "ಚಹ ಹೇಳ್ಲೇನ್ರಿ, ಸಕ್ರಿ ಇಲ್ಲದ್ದು?" ಎಂದ. ನನಗೆ ಹೆದರಿಕೆಯಾಗಿದೆ. ಬೇರೆ ಹೆಸರಿಟ್ಟು ಬರೆದರೆ ಸುಳ್ಳಾಗುತ್ತದೆ.

ಜೂನ್ 12, ಶನಿವಾರ

ದುರ್ಬೀನಿನ ಬಳೆಗೆ ಸುತ್ತಿದ್ದ ಚೀಟಿ ಬಿಚ್ಚಿ ತಂದು ಅರ್ಚನಾಳ ಕೈಗೆ ಕೊಟ್ಟೆ. "ಓದು," ಎಂದೆ.

"ನೀವಾ ಓದ್ಲಿಲ್ಲೇನು, ಅಪ್ಪಾಜಿ?"

"ಅಕ್ಷರ ಸಣ್ಣವು ಅದಾವ," ಎಂದೆ. ಆಮೇಲೆ, "ಕಾಣಂಗಿಲ್ಲವ್ವಾ," ಎಂದೆ.

ಸಕ್ಕರೆ ಮುನ್ನೂರ ಹನ್ನೆರಡು. ಕೆಳಗೆ ಕೆಂಪು ಮಸಿಯಲ್ಲಿ, ಕೂಡಲೇ ಕಣ್ಣು ತೋರಿಸಬೇಕು ಎಂದು. ಫೆಬ್ರವರಿಯಿಂದ ಅದು ನನ್ನ ಕಣ್ಣಿನಿಂದ ಎರಡು ಅಂಗುಲ ದೂರದಲ್ಲಿತ್ತು. ಗುರುಬಸಮ್ಮ ಈ ಸಲ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪತ್ರಿಕೆಗೆ ಬರೆದ ಪತ್ರವನ್ನು ಅರ್ಚನಾ ಅಂಚೆಗೆ ಹಾಕಿಯೇ ಇರಲಿಲ್ಲ. ಗಣಿಯವರ ಬಗ್ಗೆ ತಪ್ಪು ತಿಳಿದಿದ್ದೆ, ಆ ಒಂದು ವಿಷಯದಲ್ಲಾದರೂ.

ಜೂನ್ 14, ಸೋಮವಾರ

ದಾವಣಗೆರೆಗೆ ನಾಳೆ. ಅದಕ್ಕೆ ಮೊದಲು ಒಂದು ಕೆಲಸ ಉಳಿದಿತ್ತು.

ದಾದಾಪೀರನನ್ನು ಕ್ಯಾಮೆರಾ ಸಮೇತ ಬರಹೇಳಿದೆ. ಏನು ಮಾಡುತ್ತೇನೆಂದು ತಿಳಿದಾಗ ಅವನು ನನ್ನ ತೋಳು ಹಿಡಿದ. "ಬ್ಯಾಡ್ರಿ ಯಜಮಾನ್ರ. ಕಣ್ಣಾಗ ಡಾಗು ಐತಿ ಅಂತ ವಾಚಿನೋರಾ ಹೇಳಿದ್ರ, ನಾಳೆ ನಿಮ್ಮ ಅಂಗಡಿಗೆ ವಾಚ್ ಯಾರು ತರ್ತಾರ? ಕಿವ್ಯಾಗ ಹೇಳ್ರಿ, ಸಾಕು. ನಾನು ಹೆಂಗರ ಮಾರ್ಕೋತೀನಿ."

ಕಿವಿಯಲ್ಲಿ ಹೇಳಿದರೆ ಅದು ದಲ್ಲಾಳಿಯ ಕೆಲಸ. ಮಧ್ಯಾಹ್ನದ ಹರಪನಹಳ್ಳಿ ಬಸ್ಸು ನಿಂತು ಜನ ಇಳಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು ಹೇಳಿದೆ: "ಈ ಕ್ಯಾಮೆರಾದಾಗ ಡಾಗು ಇಲ್ಲ. ನಾ ನೋಡಿದ ಯಾವ ಕ್ಯಾಮೆರಾದಾಗೂ ಇದ್ದಿದ್ದಿಲ್ಲ. ಡಾಗು ಇರೋದು ನನ್ನ ಬಲಗಣ್ಣಾಗ."

ಧ್ವನಿ ಎರಡನೆಯ ವಾಕ್ಯಕ್ಕೆ ಸ್ವಲ್ಪ ಒಡೆಯಿತು. ಮೂರನೆಯದನ್ನು ಸರಿಯಾಗಿ ಹೇಳಿದೆ. ಇಟ್ಟಿಗಿಯ ಹುಲುಗಪ್ಪ ಮೇಷ್ಟ್ರಿಗೆ ಬೇರೆ ಕಾಗದ ಬರೆಸುತ್ತೇನೆ, ಆ ದಿನ ಲಾರಿ ಹೋಗಿರಲಿಲ್ಲವೆಂದು.

ಒಳಗೆ ಬಂದು, ಕ್ಯಾಮೆರಾವನ್ನು ನಾನೇ ಕೊಳ್ಳುವುದೆಂದು ತೀರ್ಮಾನಿಸಿದೆ. ನಾಲ್ಕು ತಿಂಗಳ ಪರೀಕ್ಷೆಯಲ್ಲಿ ಗೆದ್ದದ್ದು ಅದೇ. ದುಡ್ಡು ತೆಗೆಯಲು ಗಲ್ಲಾಪೆಟ್ಟಿಗೆಗೆ ಕೈ ಹಾಕುವುದರೊಳಗೆ ಹೊರಗೆ ವ್ಯಾಪಾರ ಮುಗಿದಿತ್ತು. ಪೂರ್ತಿ ಬೆಲೆ ಕೊಟ್ಟು ಕೊಂಡವನು ಕೊಟ್ರಸ್ವಾಮಿ.

"ನಿನಗ್ಯಾಕಲೇ ಇದು?" ಎಂದೆ.

"ಗ್ಯಾರಂಟಿ ಮಾಲು ಅಂತ ನೀನಾ ಒದರಿದೆಲ್ಲ," ಎಂದ. ಅವನು ನನ್ನ ಮುಖ ನೋಡದೆ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡ. "ಎಂಟು ವರ್ಷಕ್ಕ ಶುಕ್ರ ಇನ್ನೊಮ್ಮಿ ಬರ್ತಾನಂತ. ಅರ್ಚನಾ ಹೇಳಿದ್ಲು. ನೀ ಕಣ್ಣು ಸರಿ ಮಾಡ್ಕೊಂಡು ಬಾ."

ಜೂನ್ 20, ಭಾನುವಾರ

ದಾವಣಗೆರೆಯಲ್ಲಿ ಹನಿ ಹಾಕಿ ಲೈಟು ಬಿಟ್ಟು ನೋಡಿದರು. ಸಕ್ಕರೆಯಿಂದ ಕಣ್ಣಿನ ಹಿಂದಿನ ಸಣ್ಣ ನರ ಒಡೆದು ರಕ್ತ ಸೋರಿದೆಯಂತೆ. ಒಂದು ಸಲ ಲೇಸರ್ ಆಗಿದೆ, ಇನ್ನೂ ಎರಡು ಇದೆ. ಎಡಗಣ್ಣನ್ನು ಉಳಿಸಬಹುದು ಎಂದರು. ಬಲದ ಬಗ್ಗೆ ಡಾಕ್ಟರು "ನೋಡೋಣ" ಎಂದರು. ನಾನೂ ಗಿರಾಕಿಗಳಿಗೆ ಹಾಗೇ ಹೇಳುತ್ತಿದ್ದೆ, ಬಿಡಿಭಾಗ ಸಿಗದ ವಾಚ್ ಬಂದಾಗ.

ಅಂಗಡಿಯಲ್ಲಿ ಈಗ ಸೆಲ್ ಹಾಕುವುದು, ಬೆಲ್ಟ್ ಬದಲಾಯಿಸುವುದು ಇಷ್ಟೇ. ವಾರದಲ್ಲಿ ನಾಲ್ಕು ಜನ ಬಂದರು. ಅವರಲ್ಲಿ ಒಬ್ಬ ಬರೀ ಕಣ್ಣು ಹೇಗಿದೆ ಎಂದು ಕೇಳಲು.

ದಾದಾಪೀರ್ ಫೋಟೊವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಕೊಟ್ಟಿದ್ದಾನೆ. ಗೋಡೆಗೆ ಹಾಕಿದ್ದೇವೆ, ನನ್ನ ಮೇಜಿಗೆ ಎದುರಾಗಿ. ನೋಡಲು ಬಂದವರು ಎಷ್ಟು ಚುಕ್ಕೆ ಎಂದು ಕೇಳುವುದಿಲ್ಲ, ನೋಡಿ ನಂಬಿ ಹೋಗುತ್ತಾರೆ. ಬಲಗಣ್ಣಿಗೆ ಈಗಲೂ ಎರಡು ಕಾಣುತ್ತವೆ. ಒಂದೇ ಇದೆ ಎಂದು ಅರ್ಚನಾ ಹೇಳುತ್ತಾಳೆ. ನಂಬಿದ್ದೇನೆ.